ಹಳತಾದ ಬೂಟು ಮತ್ತು ನಮ್ಮ ಹೊಣೆ

ಒಂದು ವಸ್ತು ಹಳತಾಯಿತೆಂದು ತೀರ್ಮಾನಿಸುವವರು ಯಾರು? ಬಳಸುವವನೇ, ಮಾರುವವನೇ? ಹಳೆಯದನ್ನು ಎಸೆಯುವುದೇ ಅಂತಸ್ತಿನ ಗುರುತಾಗಿರುವ ಕಾಲ ನಮ್ಮದು. ಹರಿದದ್ದನ್ನು ಹೊಲಿದು, ಮುರಿದದ್ದನ್ನು ಬೆಸೆದು ಬಾಳಿದ ಹಿರಿಯರ ಮಿತವ್ಯಯವನ್ನು ನಾವು ಗೌರವದಿಂದ ನೆನೆಯುತ್ತೇವೆ. ಅದು ಸರಿಯೇ. ಆದರೆ ಮಿತವ್ಯಯಕ್ಕೂ ಒಂದು ಗಡಿಯಿದೆ. ಅದನ್ನು ಗುರುತಿಸಲು ನಮ್ಮ ಊರುಗಳಲ್ಲಿ ಕಾಣಸಿಗದ ಒಂದು ವಸ್ತು ಒಳ್ಳೆಯ ಉದಾಹರಣೆಯಾಗಬಲ್ಲದು. ಅದು ಹಿಮದ ಮೇಲೆ ಜಾರುವವರು ತೊಡುವ ಸ್ಕೀ ಬೂಟು.

ಆಲ್ಪ್ಸ್ ಪರ್ವತಗಳ ಇಳಿಜಾರಿನಲ್ಲಿ ಜಾರುವವನ ಕಾಲಿಗೂ ಸ್ಕೀ ಹಲಗೆಗೂ ನಡುವಿನ ಕೊಂಡಿ ಈ ಬೂಟು. ಹಲಗೆಯ ಮೇಲಿನ ಬೈಂಡಿಂಗ್ ಎಂಬ ಸಾಧನ ಬೂಟಿನ ಮುಂತುದಿಯನ್ನೂ ಹಿಮ್ಮಡಿಯನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಬಿದ್ದಾಗ ಮಾತ್ರ ತಟ್ಟನೆ ಬಿಡಬೇಕು. ಬಿಡದಿದ್ದರೆ ಉದ್ದನೆಯ ಹಲಗೆ ಸನ್ನೆಗೋಲಿನಂತೆ ಕಾಲನ್ನು ತಿರುಚುತ್ತದೆ, ಮೂಳೆ ಮುರಿಯಬಹುದು. ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆಯ ಸ್ಕೀ ಪಟು ಯಾಲ್ಮರ್ ವಾಮ್ 1930ರ ದಶಕದ ಕೊನೆಯಲ್ಲಿ ಇಂತಹ ಬೈಂಡಿಂಗ್ ರೂಪಿಸಿದ್ದು ಸ್ವತಃ ಕಾಲು ಮುರಿದುಕೊಂಡ ಬಳಿಕ. ಹಿಡಿಯುವುದು ಮತ್ತು ಬಿಡುವುದು, ಈ ಎರಡೂ ಕೆಲಸಗಳು ಬೂಟಿನ ಸ್ಥಿತಿಯನ್ನು ಅವಲಂಬಿಸಿವೆ.

ಹಿಂದೆ ಈ ಬೂಟುಗಳು ತೊಗಲಿನವು. ತೊಗಲು ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ, ಸುಕ್ಕುಗಟ್ಟುತ್ತದೆ, ಬಿರಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗ್ ಪ್ಲಾಸ್ಟಿಕ್ ಬೂಟನ್ನು ಮಾರುಕಟ್ಟೆಗೆ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಪ್ಲಾಸ್ಟಿಕ್ ಕವಚ ಹೊರಗೆ ಹೊಳೆಯುತ್ತಲೇ ಒಳಗೆ ಸತ್ವ ಕಳೆದುಕೊಳ್ಳಬಲ್ಲದು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕನ್ನು ಗಾಳಿಯ ತೇವ ವರ್ಷಗಟ್ಟಲೆ ನಿಧಾನವಾಗಿ ಶಿಥಿಲಗೊಳಿಸುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಬಹುಕಾಲದ ಬಳಿಕ ತೊಟ್ಟ ಬೂಟು ಇಳಿಜಾರಿನ ನಡುವೆ ಚೂರಾಗಿ ಉದುರಿದ ಪ್ರಸಂಗಗಳಿವೆ.

ಹಾಗಾದರೆ ಇಷ್ಟು ವರ್ಷಕ್ಕೊಮ್ಮೆ ಎಂದು ಲೆಕ್ಕ ಹಾಕಿ ಹೊಸದು ಕೊಳ್ಳಬೇಕೇ? ಚಳಿಗಾಲ ಬಂದಾಗಲೆಲ್ಲ ಹೊಸ ಬಣ್ಣದ ಮಾದರಿ ತರುವ ವ್ಯಾಪಾರಿಗೆ ಅದರಲ್ಲಿ ಲಾಭವಿದೆ. ಅವನ ಮಾತನ್ನು ಹಾಗೆಯೇ ಒಪ್ಪಬೇಕಿಲ್ಲ. ಬೂಟನ್ನು ಭಾಗಭಾಗವಾಗಿ ಪರೀಕ್ಷಿಸಬೇಕು. ಒಳಗಿನ ಮೆತ್ತೆ ಅದುಮಿಹೋಗಿದ್ದರೆ ಪಾದ ಒಳಗೇ ಅಲುಗಾಡುತ್ತದೆ, ಬಕಲನ್ನು ಮತ್ತೆ ಮತ್ತೆ ಬಿಗಿಯಬೇಕಾಗುತ್ತದೆ. ಆಗ ಮೆತ್ತೆಯನ್ನಷ್ಟೇ ಬದಲಿಸಬಹುದು. ಮುರಿದ ಬಕಲಿಗೆ ಬದಲು ಹೊಸದನ್ನು ಕೂರಿಸಬಹುದು. ಬೂಟಿನ ಅಟ್ಟೆಯ ಆಕಾರ ಮತ್ತು ಅಳತೆಗೆ ಐಎಸ್‌ಒ 5355 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಕಾಂಕ್ರೀಟಿನ ಮೇಲೆ ನಡೆದು ನಡೆದು ಅಟ್ಟೆ ಸವೆದರೆ ಬೈಂಡಿಂಗ್ ಸರಿಯಾದ ಕ್ಷಣದಲ್ಲಿ ಬಿಡುತ್ತದೆಂಬ ಭರವಸೆಯಿಲ್ಲ. ಹಲವು ಬೂಟುಗಳಲ್ಲಿ ಸವೆದ ಆ ತುಂಡುಗಳನ್ನೂ ಬದಲಿಸಬಹುದು. ಬದಲಿಸಲಾಗದ ಅಟ್ಟೆ ಸವೆದಿದ್ದರೆ, ಕವಚವೇ ಬಿರುಕು ಬಿಟ್ಟಿದ್ದರೆ, ಅಲ್ಲಿಗೆ ಮಿತವ್ಯಯದ ಗಡಿ ಮುಗಿಯಿತು.

ಇಲ್ಲಿ ಮಮತೆ ಅಡ್ಡ ಬರುತ್ತದೆ. ಕಾಲಿಗೆ ಒಗ್ಗಿದ ಬೂಟು ಹಿತವಾಗಿರುತ್ತದೆ. ಆ ಹಿತವೇ ಕೆಲವೊಮ್ಮೆ ಅದು ಸಡಿಲವಾಗಿರುವುದರ ಲಕ್ಷಣ. 'ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ' ಎಂಬ ಸಮಾಧಾನವೂ ಇದೆ. ಆದರೆ ಬೀಳದವನಿಗೆ ತನ್ನ ಬೂಟು ಬೈಂಡಿಂಗಿನಿಂದ ಕಳಚಿಕೊಳ್ಳುತ್ತದೋ ಇಲ್ಲವೋ ತಿಳಿಯುವ ಸಂದರ್ಭವೇ ಬಂದಿರುವುದಿಲ್ಲ. ಈವರೆಗಿನ ಅದೃಷ್ಟವನ್ನು ಬೂಟಿನ ಯೋಗ್ಯತೆಯೆಂದು ತಿಳಿಯುವುದು ತಪ್ಪು.

ನನ್ನ ಕಾಲು, ನನ್ನ ಬೂಟು, ಯಾರಿಗೇನು ಎನ್ನಬಹುದು. ಇಳಿಜಾರಿನ ಕೆಳಗೆ ಬೇರೆಯವರೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಹಳೆಯದನ್ನು ಮಾರುವಾಗ ಇಲ್ಲವೇ ದಾನ ಕೊಡುವಾಗ ಏಳುತ್ತದೆ. ತಾನು ತೊಡಲು ಅಂಜುವ ಬೂಟನ್ನು ಬಡ ಹುಡುಗನಿಗೆ ಕೊಟ್ಟರೆ ಅದು ಔದಾರ್ಯವೇ? ಅಪಾಯವನ್ನು ಅದರ ಅರಿವಿಲ್ಲದವನ ಹೆಗಲಿಗೆ ದಾಟಿಸಿದಂತಷ್ಟೇ. ಕಾಶ್ಮೀರದ ಗುಲ್ಮಾರ್ಗ್‌ಗೆ ಮೊದಲ ಬಾರಿ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಬಾಡಿಗೆ ಬೂಟನ್ನೇ ತೊಡುತ್ತಾರೆ; ಅವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಬೂಟಿನ ಪೂರ್ವಚರಿತ್ರೆ ಅವರಿಗೆ ಗೊತ್ತಿಲ್ಲ. ಗೊತ್ತಿರುವವನು ಮಾತ್ರ ಅದಕ್ಕೆ ಹೊಣೆ. ಇಂತಹ ಬೂಟನ್ನು ದಾನದ ಗಂಟಿಗೆ ಸೇರಿಸದೆ, ಬಕಲುಗಳನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಯಾರೂ ತೊಡದಂತೆ ಮಾಡುವುದೇ ಪ್ರಾಮಾಣಿಕತೆ.

ಬೈಂಡಿಂಗಿನ ಬಿಗಿತವನ್ನು ನಿಗದಿಪಡಿಸುವ ತಂತ್ರಜ್ಞರು ಸ್ಕೀ ಮಾಡುವವನ ತೂಕ, ಎತ್ತರ, ಬೂಟಿನ ಉದ್ದದ ಜೊತೆಗೆ ವಯಸ್ಸನ್ನೂ ಕೇಳುತ್ತಾರೆ. 50 ತುಂಬಿದವರಿಗೆ ಅದು ಬೇಗ ಬಿಡುವಂತೆ ಒಂದು ಹಂತ ಸಡಿಲಿಸುತ್ತಾರೆ. ವಯಸ್ಸಾದವರನ್ನು ಹಿಮದಿಂದ ಹೊರಗಟ್ಟುವುದಿಲ್ಲ, ಸಾಧನವನ್ನೇ ಅವರಿಗೆ ಹೊಂದಿಸುತ್ತಾರೆ. ವಸ್ತು ತನ್ನ ಕೆಲಸಕ್ಕೆ ಬಾರದಾದಾಗ ಬಿಟ್ಟುಬಿಡಬಹುದು. ಮನುಷ್ಯನನ್ನು ಹಾಗೆ ಬಿಡಲಾಗದು. ಶಿಥಿಲವಾದ ಬೂಟಿಗೆ ಮಮತೆಯಿಂದ ಅಂಟಿಕೊಂಡು, ಮನೆಯ ಹಿರಿಯರನ್ನು ಮೂಲೆಗೆ ಸರಿಸುವ ನಾವು ಈ ವ್ಯತ್ಯಾಸವನ್ನು ಇನ್ನಷ್ಟು ಗಂಭೀರವಾಗಿ ಯೋಚಿಸಬೇಕಾಗಿದೆ.