ಅಸ್ವಸ್ಥನಾದ ಉಪಚಾರಕನು

ಸೆರೆಯಲ್ಲಿದ್ದ ಪೌಲನ ಉಪಚಾರಕ್ಕೆಂದು ಫಿಲಿಪ್ಪಿ ಸಭೆಯವರು ಕಳುಹಿಸಿದ ಎಪಫ್ರೊದೀತನು ತಾನೇ ರೋಗದಲ್ಲಿ ಬಿದ್ದು ಮರಣಕ್ಕೆ ಸಮೀಪವಾದನು. ತನ್ನ ರೋಗದ ಸುದ್ದಿಯು ಊರವರಿಗೆ ಮುಟ್ಟಿತಲ್ಲಾ ಎಂಬದೇ ಆತನ ವ್ಯಥೆಯಾಗಿತ್ತು.

2020ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳಿಗೂ ಬಂತು. ಗಂಟೆಗಟ್ಟಲೆ ನೀರು ಕುಡಿಯದೆ ಕವಚದೊಳಗೆ ಬೆವತು ಉಪಚರಿಸಿದ ವೈದ್ಯರೂ ದಾದಿಯರೂ ತಾವೇ ಹಾಸಿಗೆ ಹಿಡಿದು, ಮಕ್ಕಳ ಮುಖ ಕಾಣದೆ ಪ್ರತ್ಯೇಕವಾಗಿ ಮಲಗಿದರು. 2021ರ ಮೇ ತಿಂಗಳೊಳಗೆ ಲೋಕದಲ್ಲಿ ಇಂಥ ಆರೋಗ್ಯಸೇವಕರು ಸುಮಾರು 1,15,000 ಮಂದಿ ತೀರಿಹೋದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿತು.

ಇಂಥವರಿಗೆ ಬಾಡಿಗೆಯ ಮನೆಯ ಬಾಗಿಲನ್ನು ಮುಚ್ಚಿದವರೂ ಉಂಟು. ಅವರ ಮೇಲಣ ಹಲ್ಲೆ, ಕಿರುಕುಳಗಳನ್ನು ತಡೆಯುವದಕ್ಕೆ ಸರ್ಕಾರವು 2020ರ ಏಪ್ರಿಲಿನಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನಾವೂ ಭಯಪಟ್ಟು ದೂರ ನಿಂತೆವು, ಮರೆಮಾಡಲಾರೆವು.

ಪೌಲನಾದರೋ ಅವನನ್ನು ಸಂತೋಷದಿಂದ ಸೇರಿಸಿಕೊಳ್ಳಿರೆಂದು ಬರೆದನು. ನಮ್ಮ ಬೀದಿಯ ದಾದಿಯಮ್ಮನವರು ಈಗಲೂ ಏದುಸಿರು ಬಿಡುತ್ತಲೇ ಮೆಟ್ಟಲು ಹತ್ತುತ್ತಾರೆ. ಈ ಆದಿತ್ಯವಾರ ಆರಾಧನೆಯ ತರುವಾಯ ಅವರ ಮನೆಗೆ ಹೋಗೋಣ.