‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’

ಬಸ್ಸಿನಲ್ಲಿ ಮೂವರು ಕೂರುವ ಸೀಟಿನ ಪಕ್ಕ ನಾಲ್ಕನೆಯವರು ಬಂದು ನಿಂತರೆ ಅವರ ಬಾಯಿಂದ ಬರುವ ಮಾತು ನಿಮಗೆ ಗೊತ್ತೇ ಇದೆ: ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.’ ಮೂವರೂ ಒಂದಿಷ್ಟು ಸರಿಯುತ್ತಾರೆ, ನಾಲ್ಕನೆಯವರಿಗೂ ಜಾಗವಾಗುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯೂ ಸಲೀಸಾಗಿ ಆಡುವ ಮಾತಿದು.

ಈ ಕ್ರಿಯಾಪದ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂತು. ಇದರ ಬೇರು ‘ಹತ್ತಿರ’ ಎಂಬ ಅರ್ಥದ ಲ್ಯಾಟಿನ್ ಪದ ‘ಯುಕ್ಸ್ತಾ’. ಆದರೆ ‘ನ್ಯಾಯವಾದ’ ಎಂಬ ಅರ್ಥದ ‘ಯುಸ್ತುಸ್’ ಪದದಿಂದ ಇದು ಹುಟ್ಟಿತೆಂದು ಜನ ಭಾವಿಸಿದ್ದರಿಂದ ಅದರ ರೂಪವೂ ಅರ್ಥವೂ ಅತ್ತ ವಾಲಿದವು. ಹೀಗೆ ಹತ್ತಿರ ತರುವುದು, ಸರಿಪಡಿಸುವುದು ಎರಡೂ ಒಂದೇ ಪದದಲ್ಲಿ ಸೇರಿಕೊಂಡವು. ಗಡಿಯಾರದ ಮುಳ್ಳನ್ನು ‘ಅಡ್ಜಸ್ಟ್’ ಮಾಡುವುದೆಂದರೆ ತಪ್ಪಿದ್ದನ್ನು ಸರಿಯಾದ ಜಾಗಕ್ಕೆ ತರುವುದು. ನಮ್ಮ ಮನೆಗಳಲ್ಲಿ ಮಾತ್ರ ಅದಕ್ಕೆ ಹೆಚ್ಚಾಗಿ ‘ಬಾಯಿಮುಚ್ಚಿ ಸಹಿಸಿಕೊ’ ಎಂಬ ಅರ್ಥ ಬಂದುಬಿಟ್ಟಿದೆ.

ಮದುವೆಯಾದ ಮಗಳು ಫೋನಿನಲ್ಲಿ ಅಳುತ್ತಾಳೆ. ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ, ಎಲ್ಲ ಸರಿಹೋಗುತ್ತೆ’ ಎನ್ನುತ್ತೇವೆ. ಯಾವುದಕ್ಕೆ ಎಂದು ಕೇಳಿದ್ದೇವೆಯೇ? ಸಾರಿಗೆ ಉಪ್ಪು ಕಡಿಮೆಯೆಂದು ಗೊಣಗುವ ಅತ್ತೆಗೋ, ಕುಡಿದು ಬಂದು ಹೊಡೆಯುವ ಗಂಡನಿಗೋ? ಮೊದಲನೆಯದಕ್ಕೆ ಹೊಂದಿಕೊಳ್ಳುವುದು ಪ್ರೀತಿ. ಎರಡನೆಯದಕ್ಕೆ ಹೊಂದಿಕೊಳ್ಳಲು ಹೇಳುವುದು ಅನ್ಯಾಯ.

‘ಶಿಲುಬೆ ಹೊರಬೇಕಲ್ಲವೇ?’ ಎಂದು ನೀವು ಕೇಳಬಹುದು. ಯೇಸುಸ್ವಾಮಿ ತಮ್ಮ ಶಿಲುಬೆಯನ್ನು ತಾವೇ ಒಪ್ಪಿ ಹೊತ್ತರು. ಇನ್ನೊಬ್ಬರ ಹೆಗಲಿಗೆ ನಾವು ಹೊರಿಸುವ ಭಾರಕ್ಕೆ ಶಿಲುಬೆಯೆಂಬ ಹೆಸರಿಡುವುದು ಸರಿಯೇ? ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಹೆಂಡತಿಯರಿಗೆ ಬುದ್ಧಿ ಹೇಳುವ ಮುಂಚೆ, ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆನ್ನುತ್ತಾರೆ. ಈ ವಿಧೇಯತೆ ಒಂದು ಕಡೆಯದಲ್ಲ, ಪರಸ್ಪರವಾದದ್ದು ಎಂದು ಪೋಪ್ ಎರಡನೇ ಜಾನ್ ಪೌಲರು 1988ರ ತಮ್ಮ ಪ್ರೇಷಿತ ಪತ್ರದಲ್ಲಿ ಬಿಡಿಸಿ ಹೇಳಿದರು. ಹಿಂಸೆಯಿಂದ ದುರ್ಬಲರನ್ನೂ ಮಕ್ಕಳನ್ನೂ ಕಾಪಾಡಲು ದಂಪತಿಗಳು ಬೇರೆ ಇರುವುದು ಕೆಲವೊಮ್ಮೆ ನೈತಿಕವಾಗಿಯೂ ಅಗತ್ಯವಾಗಬಹುದೆಂದು ಪೋಪ್ ಫ್ರಾನ್ಸಿಸರು 2016ರಲ್ಲಿ ಬರೆದರು. ನಮ್ಮ ದೇಶದಲ್ಲಿಯೂ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸಲು 2005ರ ಕಾನೂನಿದೆ.

ಹಾಗೆಂದು ಹೊಂದಾಣಿಕೆಯೇ ಬೇಡವೆಂದಲ್ಲ. ಅದಿಲ್ಲದೆ ಯಾವ ಸಂಸಾರವೂ ನಡೆಯದು. ಮಾತು ಕಡಿಮೆ ಮಾಡಿಕೊಳ್ಳುವ ಗಂಡ, ಹಟ ಬಿಡುವ ಹೆಂಡತಿ, ಸೊಸೆಯ ರುಚಿಗೂ ಒಲೆಯಲ್ಲಿ ಜಾಗ ಕೊಡುವ ಅತ್ತೆ, ಇವರೆಲ್ಲ ಮನೆಯನ್ನು ನಿಲ್ಲಿಸುವವರೇ.

ಆ ಬಸ್ಸಿನ ಸೀಟನ್ನು ಮತ್ತೆ ನೆನೆಯಿರಿ. ಅಲ್ಲಿ ಜಾಗವಾದದ್ದು ಎಲ್ಲರೂ ಸರಿದದ್ದರಿಂದ. ಅಂಚಿನಲ್ಲಿ ಕೂತವರೊಬ್ಬರೇ ಸರಿಯುತ್ತಾ ಹೋದರೆ ಅವರು ಕೆಳಗೆ ಬೀಳುತ್ತಾರೆ. ಮುಂದಿನ ಸಲ ‘ಅಡ್ಜಸ್ಟ್ ಮಾಡಿಕೊ’ ಎನ್ನುವ ಮೊದಲು, ನಾವು ಎಷ್ಟು ಸರಿದಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳೋಣ.