ಮುಖದ ಕಲೆ

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಸಂಸ್ಕೃತದಿಂದ ಬಂದ ಕಲೆಯು ಗಾನ, ಚಿತ್ರ, ನಾಟ್ಯ ಮೊದಲಾದವುಗಳ ಹೆಸರು. ಅಚ್ಚಗನ್ನಡದ ಕಲೆಯು ಗಾಯ ಮಾಯ್ದ ಮೇಲೆ ಉಳಿಯುವ ಗುರುತು. ಮೊದಲನೆಯದನ್ನು ಕಂಡರೆ ತಲೆದೂಗುತ್ತೇವೆ, ಎರಡನೆಯದನ್ನು ಕಂಡರೆ ಮುಖ ತಿರುಗಿಸುತ್ತೇವೆ. ಈ ಎರಡೂ ಒಬ್ಬರ ಮುಖದಲ್ಲಿಯೇ ಕೂಡಿಬಂದರೆ ನೋಡುವವರ ಮನಸ್ಸು ಏನು ಮಾಡುತ್ತದೆ? ಮೊಡವೆಯಿಂದಲೋ ಸಿಡುಬಿನಿಂದಲೋ ಕಲೆಬಿದ್ದ ಮುಖವುಳ್ಳ ಹೆಸರಾಂತ ನಟನಟಿಯರನ್ನು ಜನರು ಹೇಗೆ ಕಾಣುತ್ತಾರೆ, ಹಾಗೆ ಕಾಣುವುದರಲ್ಲಿ ನ್ಯಾಯವೆಷ್ಟು ಎಂಬುದೇ ಪ್ರಕೃತ ವಿಚಾರ. ಇದು ಹಗುರವಾದ ವಿಷಯವೆಂದು ವಾಚಕರಿಗೆ ತೋರಬಹುದು. ಆದರೆ ಮುಖ ನೋಡಿ ಮಣೆ ಹಾಕುವ ಪದ್ಧತಿಯು ಎಲ್ಲಿಯವರೆಗೆ ನಮ್ಮಲ್ಲಿ ಬಳಕೆಯಲ್ಲಿದೆಯೋ ಅಲ್ಲಿಯವರೆಗೆ ಮುಖದ ಮಾತು ಹಗುರವಾದುದಾಗದು.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಬಯಲಾಟವು ಹಳೆಯ ವಿನೋದ. ಆಟದ ಪಾತ್ರಧಾರಿಯು ಹಗಲಿನಲ್ಲಿ ಹೊಲದಲ್ಲಿ ದುಡಿಯುವ ಒಕ್ಕಲಿಗನಾಗಿರಬಹುದು, ಕಲ್ಲಿನ ಗಣಿಯ ಕೂಲಿಕಾರನಾಗಿರಬಹುದು. ರಾತ್ರಿ ಬಣ್ಣ ಹಚ್ಚಿ, ಕಿರೀಟ ಭುಜಕೀರ್ತಿಗಳನ್ನು ಕಟ್ಟಿ ಅಟ್ಟವನ್ನೇರಿದನೆಂದರೆ ಅವನ ಮುಖವು ಅವನದಲ್ಲ, ಪಾತ್ರದ್ದು. ಬಣ್ಣದ ಕೆಳಗೆ ಕಲೆಗಳಿದ್ದರೂ ದೂರದಲ್ಲಿ ಕಂಬಳಿ ಹಾಸಿ ಕುಳಿತವರ ಕಣ್ಣಿಗೆ ಬೀಳುತ್ತಿರಲಿಲ್ಲ. ಚಲಚ್ಚಿತ್ರವು ಬಂದಮೇಲೆ ಈ ದೂರವು ಅಳಿಯಿತು. ಕ್ಯಾಮರಾ ಎಂಬ ಯಂತ್ರವು ನಟನ ಮುಖವನ್ನು ಗೋಡೆಯಷ್ಟು ದೊಡ್ಡದಾಗಿ ಹಿಗ್ಗಿಸಿ, ಹೆತ್ತ ತಾಯಿಯೂ ಅಷ್ಟು ಹತ್ತಿರದಿಂದ ನೋಡಿರದ ರೋಮರೋಮವನ್ನು ಅಪರಿಚಿತರ ಮುಂದಿಟ್ಟಿತು. ಕಲೆಯಿಲ್ಲದ ಮುಖವೇ ನಾಯಕನಿಗೂ ನಾಯಿಕೆಗೂ ಯೋಗ್ಯವೆಂಬ ಕಟ್ಟಳೆಯು ಆ ಯಂತ್ರದ ಬೆನ್ನಿಗೇ ಬಲವಾಯಿತು.

ಕಲೆಯ ಸ್ವರೂಪವೇನೆಂಬುದನ್ನು ಮೊದಲು ತಿಳಿಯಬೇಕು. ಪ್ರಾಯದಲ್ಲಿ ಹಾರ್ಮೋನುಗಳ ಪ್ರೇರಣೆಯಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಆ ಜಿಡ್ಡೂ ಸತ್ತ ಚರ್ಮದ ಕಣಗಳೂ ಕೂಡಿ ರೋಮರಂಧ್ರದ ಬಾಯಿಯನ್ನು ಮುಚ್ಚುತ್ತವೆ. ಒಳಗೆ ಸೂಕ್ಷ್ಮಜೀವಿಗಳು ಹೆಚ್ಚಿ ಬಾವು ಏಳುತ್ತದೆ. ಬಾವು ಆಳಕ್ಕಿಳಿದರೆ ಚರ್ಮದ ಒಳಪದರವು ಕೆಟ್ಟು, ಮಾಯ್ದ ಮೇಲೆ ಕುಳಿ ಉಳಿಯುತ್ತದೆ. ಇದರಲ್ಲಿ ವಂಶದ ಪಾಲು ದೊಡ್ಡದು. ಮುಖ ತೊಳೆಯದ ಕೊಳೆತನವು ಇದರ ಕಾರಣವಲ್ಲ. ಸಿಡುಬಿನ ಕಲೆಯಾದರೋ ಬೇರೊಂದು ವ್ಯಾಧಿಯ ಶೇಷ. ಭಾರತದಲ್ಲಿ ಆ ವ್ಯಾಧಿಯ ಕೊನೆಯ ರೋಗಿ ಕಂಡುದು 1975ರಲ್ಲಿ. ಲೋಕವೆಲ್ಲ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದುದು 1980ರಲ್ಲಿ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸಿಡುಬು ಎದ್ದಾಗ ನಮ್ಮ ಹಿರಿಯರು ‘ಅಮ್ಮ ಬಂದಿದ್ದಾಳೆ’ ಎಂದು ಹೇಳಿ, ಉಳಿದ ಗುರುತನ್ನು ದೈವಕ್ಕೆ ಒಪ್ಪಿಸಿಬಿಡುತ್ತಿದ್ದರು. ಅದು ಮೂಢನಂಬಿಕೆಯೇ ಸರಿ. ಆದರೆ ಅದು ರೋಗಿಯ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ವಿದ್ಯಾವಂತರಾದ ನಾವು ಮೊಡವೆಯ ಹುಡುಗಿಯನ್ನು ಕಂಡು, ಮುಖ ಸರಿಯಾಗಿ ತೊಳೆಯುವುದಿಲ್ಲ, ಕಂಡದ್ದನ್ನೆಲ್ಲ ತಿನ್ನುತ್ತಾಳೆ, ರಾತ್ರಿ ನಿದ್ದೆಗೆಡುತ್ತಾಳೆ ಎಂದು ತೀರ್ಪು ಕೊಡುತ್ತೇವೆ. ದೇವಿಯನ್ನು ಬಿಟ್ಟೆವು, ದೂರನ್ನು ಹಿಡಿದೆವು.

ಇನ್ನು ನಟರ ವಿಚಾರ. 1950ರಲ್ಲಿ ಅಂಬಾಲಾದಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಓಂ ಪುರಿಯವರ ಮುಖವು ಎಳೆತನದ ಸಿಡುಬಿನಿಂದ ಕುಳಿಬಿದ್ದಿತ್ತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೂ ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿಯೂ ಕಲಿತು ಬಂದವರು ಅವರು. ‘ಆರೋಹಣ’ (1982), ‘ಅರ್ಧ ಸತ್ಯ’ (1983) ಎಂಬ ಎರಡು ಚಿತ್ರಗಳಿಗಾಗಿ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದರು, 1999ರ ‘ಎ.ಕೆ. 47’ ಎಂಬ ಕನ್ನಡ ಚಿತ್ರದಲ್ಲಿಯೂ ಪಾತ್ರ ವಹಿಸಿದರು. ‘ಅರ್ಧ ಸತ್ಯ’ದಲ್ಲಿ ಅವರದು ಒಬ್ಬ ಪೊಲೀಸ್ ಅಧಿಕಾರಿಯ ಪಾತ್ರ. ತಂದೆಯ ಬಲವಂತಕ್ಕೆ ಆ ಉದ್ಯೋಗಕ್ಕೆ ಬಂದು, ಅಧಿಕಾರದ ಕೊಳಕಿನ ನಡುವೆ ಉಸಿರುಕಟ್ಟಿದವನು ಅವನು. ಚಿತ್ರದ ಮೊದಲ ಗಳಿಗೆಗಳಲ್ಲಿ ನೋಡುವವರ ಕಣ್ಣು ಕೆನ್ನೆಯ ಕುಳಿಗಳ ಮೇಲೆ ಬೀಳುವುದು ಸಹಜ. ಅರ್ಧ ತಾಸು ಕಳೆಯಲಿ. ಆ ಕುಳಿಗಳು ಎಲ್ಲಿ ಹೋದವು? ಮುಖದಲ್ಲಿಯೇ ಇವೆ, ಬೆಳಕು ಅವುಗಳ ಮೇಲೆಯೇ ಬೀಳುತ್ತಿದೆ. ಆದರೆ ನಮಗೆ ಕಾಣುತ್ತಿರುವುದು ಆ ಮನುಷ್ಯನ ಕೋಪ, ಸಂಕಟ, ನಾಚಿಕೆ. ಕಣ್ಣು ಕಲೆಯನ್ನು ದಾಟಿ ಒಳಕ್ಕೆ ಹೋಗಿದೆ. ನನ್ನ ವಾದಕ್ಕೆಲ್ಲ ಈ ಅನುಭವವೇ ಆಧಾರ.

ಹೀಗೆ ದಾಟಿಹೋಗುವ ಅವಕಾಶವು ಎಲ್ಲ ಮುಖಗಳಿಗೂ ದೊರೆಯುವುದಿಲ್ಲ. ಚಿತ್ರರಂಗದಲ್ಲಿ ಕಲೆಯ ಮುಖಕ್ಕೆ ಬಹುಕಾಲದಿಂದ ಮೀಸಲಾದುದು ದುಷ್ಟನ ಪಾತ್ರ. 2017ರಲ್ಲಿ ಅಮೆರಿಕದ ಚರ್ಮವೈದ್ಯರು ಆ ದೇಶದ ಚಿತ್ರಗಳ ಅತಿ ಪ್ರಸಿದ್ಧರಾದ ಹತ್ತು ಖಳರನ್ನು ಪರೀಕ್ಷಿಸಿ, ಆರು ಮಂದಿಯ ಚರ್ಮದಲ್ಲಿ ಎದ್ದುಕಾಣುವ ದೋಷಗಳಿದ್ದುವೆಂದು ಪ್ರಕಟಿಸಿದರು. ಗಾಯದ ಕಲೆ, ಬೋಳುತಲೆ, ನೆರಿಗೆ, ನರುಳಿ ಇತ್ಯಾದಿ. ಒಳಗಿನ ಕೇಡಿಗೆ ಹೊರಗಿನ ಚರ್ಮವೇ ಸಾಕ್ಷಿಯೆಂದು ಮಕ್ಕಳು ಕಲಿಯುವುದು ಹೀಗೆ. ಇದಕ್ಕೆ ಅಪವಾದಗಳೂ ಉಂಟು. ವೇಲ್ಸ್ ನಾಡಿನ ರಿಚರ್ಡ್ ಬರ್ಟನ್ನರ (1925–1984) ಕೆನ್ನೆಗಳು ಎಳೆಯ ಪ್ರಾಯದ ಮೊಡವೆಗಳಿಂದ ಕುಳಿಬಿದ್ದಿದ್ದರೂ ಅವರು ನಾಯಕರಾಗಿ ಮೆರೆದು, ಏಳು ಸಲ ಆಸ್ಕರ್ ಪಾರಿತೋಷಕಕ್ಕೆ ಹೆಸರಿಸಲ್ಪಟ್ಟರು. ಆದರೆ ಗಂಡಸಿನ ಮುಖದ ಕಲೆಯನ್ನು ಲೋಕವು ಗಾಂಭೀರ್ಯವೆಂದೋ ಅನುಭವವೆಂದೋ ಅರ್ಥ ಮಾಡಿಕೊಳ್ಳುತ್ತದೆ. ಹೆಂಗಸಿನ ಮುಖದ ಕಲೆಗೆ ಅಂತಹ ಒಳ್ಳೆಯ ಅರ್ಥವನ್ನು ಯಾವ ನಿಘಂಟೂ ಕೊಟ್ಟಿರಲಿಲ್ಲ.

ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವರು ನೀಲಗಿರಿಯ ಕೋಟಗಿರಿಯಲ್ಲಿ 1992ರಲ್ಲಿ ಹುಟ್ಟಿದ ಸಾಯಿ ಪಲ್ಲವಿಯವರು. ಅವರ ಮನೆಮಾತು ಬಡಗ. ಅದು ನಮ್ಮ ಕನ್ನಡಕ್ಕೆ ಬಹು ಹತ್ತಿರದ ನುಡಿ. ವೈದ್ಯಶಾಸ್ತ್ರವನ್ನು ಓದಿದ ಈಕೆ 2015ರಲ್ಲಿ ‘ಪ್ರೇಮಂ’ ಎಂಬ ಮಲಯಾಳಂ ಚಿತ್ರದಲ್ಲಿ ಕಾಲೇಜಿನ ಅಧ್ಯಾಪಕಿಯಾಗಿ ಕಾಣಿಸಿಕೊಂಡಾಗ ಕೆನ್ನೆಯ ಕೆಂಪು ಮೊಡವೆಗಳನ್ನು ಮುಚ್ಚಿರಲಿಲ್ಲ. ಆ ಮೊಡವೆಗಳಿಂದ ತಮಗೂ ಅಳುಕಿತ್ತೆಂದು, ಚಿತ್ರವನ್ನು ಜನರು ಮೆಚ್ಚಿದಮೇಲೆ ಧೈರ್ಯ ಬಂದಿತೆಂದು ಅವರೇ ಹೇಳಿಕೊಂಡಿದ್ದಾರೆ. 2019ರಲ್ಲಿ ಮುಖವನ್ನು ಬೆಳ್ಳಗೆ ಮಾಡುವ ಲೇಪನದ ಜಾಹೀರಾತೊಂದನ್ನು, ದೊಡ್ಡ ಮೊತ್ತ ಬರುವಂತಿದ್ದರೂ, ನಿರಾಕರಿಸಿದರು. ಸೇಡಂ, ಚಿಂಚೋಳಿ ತಾಲ್ಲೂಕುಗಳು ತೆಲಂಗಾಣದ ಗಡಿಗೆ ತಾಗಿಕೊಂಡಿರುವುದರಿಂದ ಇಲ್ಲಿಯವರಿಗೆ ತೆಲುಗು ಚಿತ್ರಗಳು ಪರಕೀಯವಲ್ಲ. 2017ರ ‘ಫಿದಾ’ದಲ್ಲಿ ಬಾನ್ಸುವಾಡದ ಹುಡುಗಿಯಾಗಿ ತೆಲಂಗಾಣದ ಆಡುಮಾತನ್ನು ತಮ್ಮ ದನಿಯಲ್ಲಿಯೇ ಆಡಿದ ಈಕೆಯನ್ನು ನಮ್ಮ ಮನೆಗಳ ತಾಯಂದಿರೂ ಮೆಚ್ಚಿದುದು ಸಹಜವೇ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಚಲಚ್ಚಿತ್ರವು ಕಣ್ಣಿನ ಹಬ್ಬ. ಸೌಂದರ್ಯವನ್ನು ಬಯಸುವುದು ಪಾಪವೇ? ಅಲ್ಲ. ಚೆಲುವಾದ ಮುಖವನ್ನು ಕಂಡು ಸಂತೋಷಪಡುವುದು ಮನುಷ್ಯಧರ್ಮ. ಅದನ್ನು ಅಲ್ಲಗಳೆಯುವ ನೀತಿಯು ಬಾಳಲಾರದು. ಶಹಾಬಾದಿನ ಹಾಸುಗಲ್ಲನ್ನು ನಯಗೊಳಿಸಿ ಹಾಸಿಕೊಳ್ಳುವವರು ಹಾಸಿಕೊಳ್ಳಲಿ. ನಯವಿಲ್ಲದ ಕಲ್ಲು ಭಾರವನ್ನು ಹೊರಲಾರದೆಂದು ಮಾತ್ರ ಯಾವ ಗೌಂಡಿಯೂ ಹೇಳುವುದಿಲ್ಲ. ಕಣ್ಣಿಗೆ ಹಿತವೆನಿಸಿದುದು ಒಂದು, ಯೋಗ್ಯತೆ ಇನ್ನೊಂದು. ಒಂದರ ಅಳತೆಯಿಂದ ಇನ್ನೊಂದನ್ನು ಅಳೆಯುವುದೇ ತಪ್ಪು.

ಇದಕ್ಕೆ ವಿರುದ್ಧವಾದ ಅತಿರೇಕವೂ ಒಂದುಂಟು. ಚಂದ್ರನ ಕಳಂಕವನ್ನೇ ಅಲಂಕಾರವೆಂದು ಹೊಗಳುವುದು ಕವಿಗಳ ಸಂಪ್ರದಾಯ. ಹಾಗೆಯೇ ಈಗ ಕೆಲವರು ಕಲೆಯ ಮುಖವನ್ನೇ ‘ನಿಜವಾದ ಮುಖ’ವೆಂದು ಕೊಂಡಾಡುತ್ತಾರೆ. ಚಂದ್ರನಿಗೆ ಔಷಧವು ಬೇಕಿಲ್ಲ. ಹದಿನಾರರ ಹುಡುಗನಿಗೆ ಬೇಕಾಗಬಹುದು. ಬಾವು ಬಂದ ಮೊಡವೆಗೆ ಕಾಲದಲ್ಲಿ ಚಿಕಿತ್ಸೆಯಾದರೆ ಕುಳಿಯೇ ಬೀಳದಿರಬಹುದು. ವೈದ್ಯರಲ್ಲಿಗೆ ಹೋದವನನ್ನು ಶೋಕಿಗಾರನೆಂದು ಹಳಿಯುವುದೂ ಹೋಗದವನನ್ನು ಸೋಮಾರಿಯೆಂದು ಹಳಿಯುವುದೂ ಒಂದೇ ಬಗೆಯ ಕ್ರೌರ್ಯ. ಕಲೆಯು ದೋಷವೂ ಅಲ್ಲ, ಗುಣವೂ ಅಲ್ಲ. ಅದು ಚರ್ಮದ ಮೇಲೆ ನಡೆದುಹೋದ ಒಂದು ಸಂಗತಿ. ‘ಮುಖದಲ್ಲಿ ಕಲೆಯಿದ್ದರೂ ಒಳ್ಳೆಯ ನಟ’ ಎಂಬ ಹೊಗಳಿಕೆಯಲ್ಲಿ ಆ ‘ಇದ್ದರೂ’ ಎಂಬ ಮಾತನ್ನು ಸ್ವಲ್ಪ ತಡೆದು ಪರೀಕ್ಷಿಸಿರಿ. ಒಳ್ಳೆಯ ನಟನೆಗೂ ಕೆನ್ನೆಗೂ ಯಾವುದೋ ವಿರೋಧವಿದ್ದಂತೆ ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ.

ಹಾಗಾದರೆ ಕಲೆಯನ್ನು ಕಣ್ಣು ಕಾಣಲೇಕೂಡದೇ? ಕಾಣದಿರಲು ಸಾಧ್ಯವಿಲ್ಲ, ಕಂಡುದೇ ಅನ್ಯಾಯವೂ ಅಲ್ಲ. ಅನ್ಯಾಯವಿರುವುದು ನೋಟವನ್ನು ಅಲ್ಲಿಯೇ ನಿಲ್ಲಿಸಿಬಿಡುವುದರಲ್ಲಿ. ಓಂ ಪುರಿಯವರ ಮುಖವನ್ನು ದಾಟಿ ನಾವು ಒಳಹೊಕ್ಕುದು ನಮ್ಮ ಔದಾರ್ಯದಿಂದಲ್ಲ, ನಮಗಿದ್ದ ಹೊತ್ತಿನಿಂದ. ಹಣ ಕೊಟ್ಟು ಕುಳಿತಿದ್ದೆವು; ಕತೆಯು ಎರಡು ತಾಸು ನಮ್ಮನ್ನು ಹಿಡಿದು ಕೂರಿಸಿತು; ಆ ಎರಡು ತಾಸುಗಳಲ್ಲಿ ಚರ್ಮವು ಹಿಂದೆ ಸರಿದು ಮನುಷ್ಯನು ಮುಂದೆ ಬಂದನು. ಖ್ಯಾತಿಯೆಂದರೆ ಮತ್ತೇನು? ಲಕ್ಷಾಂತರ ಜನರು ಒಬ್ಬರ ಮುಖಕ್ಕೆ ತಮ್ಮ ಹೊತ್ತನ್ನು ಕೊಡುವುದು.

ನಮ್ಮ ಮನೆಯ ಜಗಲಿಗೆ ಬಂದು ಇದನ್ನು ಪರೀಕ್ಷಿಸೋಣ. ಕನ್ಯೆ ನೋಡಲು ಹೋದವರು ಉಪ್ಪಿಟ್ಟು ಚಹಾ ಮುಗಿಯುವಷ್ಟರಲ್ಲಿ ಹುಡುಗಿಯನ್ನು ನೋಡಿ ಮುಗಿಸುತ್ತಾರೆ. ವಾಡಿಯ ರೈಲು ಹಿಡಿಯುವ ಅವಸರದಲ್ಲಿ, ಸ್ಟೇಷನ್ನಿನ ದಾರಿಯಲ್ಲಿಯೇ ಹಿರಿಯಳೊಬ್ಬಳು, ‘ಹುಡುಗಿ ಓದ್ಯಾಳ, ಖರೆ, ಮಾರಿ ಮ್ಯಾಲೆ ಕಲೆ ಭಾಳ ಅವ’ ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯಿತು. ಹಿಂದಿನ ಸಂಜೆ ಸಾಯಿ ಪಲ್ಲವಿಯ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವಳೂ ಅವಳೇ ಆಗಿರಬಹುದು. ಇದನ್ನು ಬಲ್ಲ ತಾಯಿತಂದೆಗಳು ಮಗಳ ಭಾವಚಿತ್ರವನ್ನು ತಿದ್ದಿಸಿ, ಇಲ್ಲದ ಕೆನ್ನೆಯನ್ನು ಕಳುಹಿಸುತ್ತಾರೆ. ತನ್ನ ಮುಖವು ತನ್ನ ಮನೆಯವರಿಗೇ ಮುಚ್ಚಿಡತಕ್ಕ ವಸ್ತುವೆಂಬ ಪಾಠವನ್ನು ಆ ಮಗಳು ಅಂದೇ ಕಲಿಯುತ್ತಾಳೆ. ಆ ಹುಡುಗಿಯ ಬೆನ್ನಿಗೆ ನಿರ್ದೇಶಕರಿಲ್ಲ, ಸಂಗೀತವಿಲ್ಲ, ಎರಡು ತಾಸಿನ ಕತೆಯಿಲ್ಲ.

ಆದುದರಿಂದ ಕಲೆಯ ಮುಖದ ನಟರನ್ನು ಮೆಚ್ಚಿದುದು ನಮ್ಮ ಉದಾರತೆಗೆ ಪ್ರಮಾಣವಾಗಲಾರದು. ಅವರಿಗೆ ಕೊಟ್ಟ ಹೊತ್ತಿನಲ್ಲಿ ಸ್ವಲ್ಪ ಭಾಗವನ್ನು ಟಿಕೆಟ್ಟಿಲ್ಲದೆ ಎದುರಿಗೆ ಬಂದು ಕುಳಿತ ಮುಖಕ್ಕೂ ಕೊಟ್ಟರೆ ಆಗ ಮಾತು ಬೇರೆ. ತಿದ್ದದ ಭಾವಚಿತ್ರವನ್ನು ಕಳುಹಿಸುವ ಧೈರ್ಯವು ಹೆತ್ತವರಿಗಿರಲಿ. ಬಂದ ನೆಂಟರು ಹುಡುಗಿಯು ಏನು ಓದಿದಳು, ಯಾವುದಕ್ಕೆ ನಗುತ್ತಾಳೆ, ಯಾವುದಕ್ಕೆ ಸಿಟ್ಟಾಗುತ್ತಾಳೆ ಎಂದು ಕೇಳಿ, ಉತ್ತರ ಬರುವವರೆಗೆ ಕುಳಿತಿರಲಿ. ಮುಂದಿನ ರೈಲು ಇದ್ದೇ ಇರುತ್ತದೆ.